ನೆಟ್‌ವರ್ಕ್ ಕಾರ್ಡಿನ ದೋಷ ಪತ್ತೆ
ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಗುಡುಗು-ಮಿಂಚಿನ ನಂತರ ಕಾಸರಗೋಡಿನ ಕಚೇರಿಗಳಲ್ಲಿ ಕಂಪ್ಯೂಟರನ್ನು ಜಾಲಕ್ಕೆ ಜೋಡಿಸುವ ನೆಟ್‌ವರ್ಕ್ ಕಾರ್ಡ್ ಕೈಕೊಡುವುದುಂಟು; ಆದರೆ ಕಾರ್ಡನ್ನು ದೂರುವ ಮೊದಲು ಕೇಬಲನ್ನೂ ಸ್ವಿಚ್ಚಿನ (ಕಂಪ್ಯೂಟರುಗಳ ಕೇಬಲ್‌ಗಳು ಬಂದು ಸೇರುವ ಪೆಟ್ಟಿಗೆಯ) ಪೋರ್ಟನ್ನೂ ಬದಲಿಸಿ ನೋಡಬೇಕು. ಗಿಗಾಬಿಟ್ (ಸೆಕೆಂಡಿಗೆ 1000 ಮೆಗಾಬಿಟ್, ಅಂದರೆ 1000 ಎಂಬಿಪಿಎಸ್ ವೇಗದ) ಸಂಪರ್ಕವು 100 ಎಂಬಿಪಿಎಸ್‌ಗೆ ಇಳಿದಿದ್ದರೆ, ಕೇಬಲಿನ 4 ಜೋಡಿ ತಂತಿಗಳಲ್ಲಿ ಒಂದು ತುಂಡಾಗಿರುವ ಸಾಧ್ಯತೆಯೇ ಹೆಚ್ಚು, ಏಕೆಂದರೆ ಗಿಗಾಬಿಟ್ ವೇಗಕ್ಕೆ 4 ಜೋಡಿಯೂ ಬೇಕು, 100ಕ್ಕೆ 2 ಜೋಡಿ ಸಾಕು.

ಇಲ್ಲಿನ ಶಾಲೆಗಳಲ್ಲಿರುವಂತೆ ಲಿನಕ್ಸ್ ಇದ್ದರೆ, ‘ಇಥ್‌ಟೂಲ್’ ಆದೇಶದಿಂದ ದೋಷಗಳ ಲೆಕ್ಕ ತಿಳಿಯುತ್ತದೆ. ಕೇಬಲ್, ಪೋರ್ಟ್ ಎರಡನ್ನೂ ಬದಲಿಸಿದ ಮೇಲೂ, ದತ್ತಾಂಶ ದಾರಿಯಲ್ಲಿ ಕೆಟ್ಟಿದೆಯೆಂದು ಸೂಚಿಸುವ ಸಿಆರ್‌ಸಿ ದೋಷ ಏರುತ್ತಲೇ ಇದ್ದರೆ ಸಂಶಯ ಕಾರ್ಡಿನ ಮೇಲೆಯೇ. ವಿದ್ಯುತ್ ಪ್ಲಗ್ ಕಿತ್ತು, ಕಾರ್ಡನ್ನು ಹೊರತೆಗೆದು, ತೇವಕ್ಕೆ ಮಂಕಾದ ಚಿನ್ನದ ಬಣ್ಣದ ಅಂಚನ್ನು ಐಸೊಪ್ರೊಪಿಲ್ ಆಲ್ಕೋಹಾಲಿನಿಂದ ಒರೆಸಿ, ಒಣಗಿದ ಬಳಿಕ ಬೇರೆ ಸ್ಲಾಟಿನಲ್ಲಿ ಕೂರಿಸಿರಿ. ಆಗಲೂ, ಕಂಪ್ಯೂಟರ್ ಗುರುತಿಸಿದ ಕಾರ್ಡುಗಳನ್ನು ತೋರಿಸುವ ‘ಎಲ್‌ಎಸ್‌ಪಿಸಿಐ’ ಪಟ್ಟಿಯಲ್ಲಿ ಕಾಣದಿದ್ದರೆ ದುರಸ್ತಿಯ ಗೋಜು ಬೇಡ. ಹೊಸ ಕಾರ್ಡೇ ಅಗ್ಗ. ಮದರ್‌ಬೋರ್ಡಿನಲ್ಲೇ ಇರುವ ಕಾರ್ಡಾದರೆ, ಕಂಪ್ಯೂಟರ್ ಶುರುವಾಗುವಾಗ ತೆರೆಯಬಹುದಾದ ಮೂಲ ಸೆಟ್ಟಿಂಗ್ ಆದ ಬಯಾಸ್‌ನಲ್ಲಿ ಅದನ್ನು ನಿಷ್ಕ್ರಿಯಗೊಳಿಸಿ, ಯುಎಸ್‌ಬಿ ಅಡಾಪ್ಟರ್ ಬಳಸಬಹುದು.