ವರ್ಗಾವಣೆದಲ್ಲ, ಇನ್ನೊಂದು ಕೌನ್ಸೆಲಿಂಗ್

ನಾನು ಆಲೂರು ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಮೇಷ್ಟ್ರು. ಮನೆ ಹಾಸನದಲ್ಲಿ. ದಿನಾ ಬಸ್ಸಿನಲ್ಲೇ ಓಡಾಟ. ಹೋದ ವರ್ಷ ಜುಲೈ ತಿಂಗಳು, ಹೊರಗೆ ಜಡಿಮಳೆ, ಬಸ್ಸಿನ ಕಿಟಕಿಗಳೆಲ್ಲ ಮುಚ್ಚಿದ್ದವು. ಇದ್ದಕ್ಕಿದ್ದ ಹಾಗೆ ಎದೆ ಡವಡವ ಹೊಡೆದುಕೊಳ್ಳತೊಡಗಿತು. ಕೈ ತಣ್ಣಗಾಯಿತು. ಉಸಿರು ಸಾಲುತ್ತಿಲ್ಲ ಅನ್ನಿಸಿತು. ನನ್ನ ಕಥೆ ಮುಗೀತು ಅಂದುಕೊಂಡೆ. ಕಂಡಕ್ಟರು ನೀರು ಕೊಟ್ಟು, ಕಿಟಕಿ ತೆಗೆದು ಕೂರಿಸಿದರು. ಅವತ್ತೇ ಇಸಿಜಿ, ಎಕೋ ಎಲ್ಲ ಆಯಿತು. ಹೃದಯ ಚೆನ್ನಾಗಿದೆ, ಟೆನ್ಷನ್ ಮಾಡ್ಕೋಬೇಡಿ ಅಂದರು ಡಾಕ್ಟರು. ಮಾಡ್ಕೊಳ್ಳದೆ ಇರೋದು ಹೇಗೆ ಅಂತ ಮಾತ್ರ ಚೀಟಿಯಲ್ಲಿ ಬರೆದಿರಲಿಲ್ಲ.

ಹೀಗೇ ಮೂರು ಸಲ ಆಯಿತು. ಅತ್ತೆ ತಾಯತ ಕಟ್ಟಿದರು. ಬೇಡ ಅನ್ನಲಿಲ್ಲ, ಈಗಲೂ ತೋಳಲ್ಲಿದೆ. ಹೆಂಡತಿ ಮಾತ್ರ, "ಯಾರಾದ್ರೂ ಕೌನ್ಸೆಲರ್ ಹತ್ರ ಹೋಗ್ಬನ್ನಿ" ಅಂತ ಹಿಡಿದ ಹಟ ಬಿಡಲಿಲ್ಲ.

ನಮ್ಮ ಇಲಾಖೆಯಲ್ಲಿ ಕೌನ್ಸೆಲಿಂಗ್ ಅಂದರೆ ವರ್ಗಾವಣೆ. ಮಕ್ಕಳ ಅಪ್ಪ ಅಮ್ಮಂದಿರಿಗೆ ಸಿಇಟಿ ಸೀಟು. ಮೊಬೈಲ್‌ನಲ್ಲಿ 'ಹಾಸನ ಕೌನ್ಸೆಲಿಂಗ್' ಅಂತ ಹುಡುಕಿದರೆ ಮೊದಲು ಬಂದದ್ದೂ ಸೀಟು ಕೊಡಿಸುವವರ ಅಂಗಡಿಗಳೇ. ಅವುಗಳ ನಡುವೆ ಒಂದು ಹೆಸರು ಸಿಕ್ಕಿತು. ಪೇಟೆಯಲ್ಲಿ ಮಹಡಿ ಮೇಲಿನ ಕೋಣೆ, ಒಳ್ಳೆಯ ಕುರ್ಚಿ, ಗೋಡೆ ತುಂಬಾ ಸರ್ಟಿಫಿಕೇಟು. ಅವರು ಒಳಗೆ ಫೋನಿನಲ್ಲಿ ಮಾತಾಡುತ್ತಿದ್ದಾಗ ನಾನು ಎದ್ದು ಒಂದೊಂದನ್ನೇ ಓದಿದೆ. ಮೇಷ್ಟ್ರ ಚಾಳಿ. ಒಂದು ಮೂರು ದಿನದ ಕಾರ್ಯಾಗಾರದ್ದು, ಇನ್ನೊಂದು ಆನ್‌ಲೈನ್ ಕೋರ್ಸು, ಮತ್ತೊಂದು ಸನ್ಮಾನ ಪತ್ರ.

ಮಾತು ಚೆನ್ನಾಗಿಯೇ ಆಡಿದರು. ಪಾಸಿಟಿವ್ ಆಗಿ ಯೋಚನೆ ಮಾಡಿ ಅಂದರು. ಹತ್ತು ಸಿಟ್ಟಿಂಗ್‌ಗೆ ಮುಂಗಡ ಕಟ್ಟಿದರೆ ಕಡಿಮೆ ಆಗುತ್ತೆ ಅಂದರು. ಅಲ್ಲಿವರೆಗೂ ತಡೆದುಕೊಂಡಿದ್ದೆ. ಆಮೇಲೆ, ನನಗೆ ಧೈರ್ಯ ತುಂಬೋಕೆ ಅಂತ, "ನಿಮ್ಮ ಇಲಾಖೆಯವರೇ ಒಬ್ಬರು ಬರ್ತಾರೆ ಸಾರ್, ಚನ್ನರಾಯಪಟ್ಟಣದ ಕಡೆಯವರು, ಅವರದ್ದೂ ಇದೇ ಪ್ರಾಬ್ಲಮ್" ಅಂದುಬಿಟ್ಟರು. ಇನ್ನೂ ಎರಡು ಮಾತು ಆಡಿದ್ದರೆ ಅವರು ಯಾರು ಅಂತ ನಾನು ಹೇಳಿಬಿಡುತ್ತಿದ್ದೆ. ನಾಳೆ ನನ್ನ ಕಥೆಯೂ ಹೀಗೇ ಯಾರಿಗೋ ಧೈರ್ಯ ತುಂಬುತ್ತದೆ, ಅಲ್ವಾ? ಮತ್ತೆ ಆ ಮೆಟ್ಟಿಲು ಹತ್ತಲಿಲ್ಲ.

ಒಂದು ತಿಂಗಳು ಸುಮ್ನೆ ಕಳೆಯಿತು. ಒಂದು ರಾತ್ರಿ ನಿದ್ದೆ ಬಾರದೆ ತಾರಸಿಗೆ ಹೋಗಿ 14416ಕ್ಕೆ ಫೋನ್ ಮಾಡಿದೆ. ಅದು ಟೆಲಿ ಮಾನಸ್ ಅನ್ನುವ ಮಾನಸಿಕ ಆರೋಗ್ಯ ಸಹಾಯವಾಣಿ, 2022ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ್ದು. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಎತ್ತಿದ ಹೆಣ್ಣುಮಗಳು ಉಪದೇಶ ಮಾಡಲಿಲ್ಲ. ಯಾವಾಗಿಂದ, ಎಷ್ಟು ಹೊತ್ತು ಇರುತ್ತದೆ, ಸಾಯಬೇಕು ಅಂತ ಅನ್ನಿಸಿದೆಯಾ ಅಂತ ನೇರವಾಗಿ ಕೇಳಿದರು. ಕೊನೆಗೆ, ಮೊದಲು ಹಿಮ್ಸ್‌ನ, ಅಂದರೆ ಹಾಸನದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಯ, ಮನೋವೈದ್ಯರಿಗೆ ತೋರಿಸಿ ಅಂದರು. ಕೌನ್ಸೆಲರ್ ಹುಡುಕುವುದಾದರೆ ಏನು ಓದಿದ್ದಾರೆ, ಎಲ್ಲಿ ನೋಂದಣಿ ಆಗಿದೆ ಅಂತ ಕೇಳೋಕೆ ಸಂಕೋಚ ಬೇಡ ಅಂತಲೂ ಹೇಳಿದರು.

ಆಮೇಲೆ ಕೂತು ನಾನೇ ಒಂದಿಷ್ಟು ಓದಿಕೊಂಡೆ. ಮನೋವೈದ್ಯರು ಅಂದರೆ ಎಂಬಿಬಿಎಸ್ ಮಾಡಿ ಆ ವಿಷಯದಲ್ಲಿ ಮುಂದೆ ಓದಿದ ಡಾಕ್ಟರು. ಔಷಧಿ ಬರೆಯುವವರು ಇವರು. ಕ್ಲಿನಿಕಲ್ ಸೈಕಾಲಜಿಸ್ಟ್ ಅಂದರೆ ಮಾತಿನ ಚಿಕಿತ್ಸೆಯಲ್ಲಿ ತರಬೇತಿ ಆದವರು. ಹೆಚ್ಚಿನವರು ಎರಡು ವರ್ಷದ ಎಂ.ಫಿಲ್ ಮಾಡಿರುತ್ತಾರೆ. ಅವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕು. ಅದಕ್ಕೆ 1992ರ ಕಾಯ್ದೆಯೇ ಇದೆ. ಆದರೆ ಬರೀ 'ಕೌನ್ಸೆಲರ್' ಅಂತ ಬೋರ್ಡ್ ಹಾಕಿಕೊಳ್ಳುವವರ ವಿಷಯದಲ್ಲಿ ಇಷ್ಟು ಬಿಗಿ ಇಲ್ಲ. 2021ರಲ್ಲಿ ಬಂದ ಇನ್ನೊಂದು ಕಾಯ್ದೆಯೊಳಗೆ ಅವರನ್ನೂ ಸೇರಿಸಿದ್ದಾರೆ. ಅದು ಊರೂರಿಗೆ ಇಳಿಯುವ ತನಕ ಕೇಳಿ ತಿಳಿದುಕೊಳ್ಳುವ ಕೆಲಸ ನಮ್ಮದೇ. ಎಂ.ಎಸ್ಸಿ. ಸೈಕಾಲಜಿಯೋ ಎಂ.ಎಸ್.ಡಬ್ಲ್ಯೂ.ನೋ ಮಾಡಿ, ಹಿರಿಯರ ಕೈಕೆಳಗೆ ಪಳಗಿದ ಒಳ್ಳೆಯ ಕೌನ್ಸೆಲರ್‌ಗಳೂ ಇದ್ದಾರೆ. ಎಲ್ಲರನ್ನೂ ಅನುಮಾನದಿಂದ ನೋಡಿ ಅಂತ ನಾನು ಹೇಳುತ್ತಿಲ್ಲ.

ಒಂದು ಸಿ.ಎಲ್. ಹಾಕಿ ಹಿಮ್ಸ್‌ಗೆ ಹೋದೆ. ಮನೋರೋಗ ವಿಭಾಗದ ಬೋರ್ಡಿನ ಕೆಳಗೆ ಕೂರೋಕೆ ನನಗೆ ಆದ ನಾಚಿಕೆ ಅಷ್ಟಿಷ್ಟಲ್ಲ. ಮಾಸ್ಕ್ ಹಾಕಿಕೊಂಡಿದ್ದೆ. ಆದರೂ ಪಕ್ಕದಿಂದ "ಮೇಷ್ಟ್ರೇ" ಅಂತ ಕೂಗು. ತಿರುಗಿದರೆ ಒಂಬತ್ತನೇ ಕ್ಲಾಸಿನ ಹುಡುಗನ ಅಪ್ಪ. ಶುಂಠಿ ಬೆಳೆಯುವವರು. ನಾನು ಏನು ಸುಳ್ಳು ಹೇಳಲಿ ಅಂತ ಯೋಚಿಸುತ್ತಿರುವಾಗಲೇ ಅವರು ಹತ್ತಿರ ಬಾಗಿ, "ನಾನಿಲ್ಲಿ ಬಂದಿದ್ದು ಊರಲ್ಲಿ ಹೇಳ್ಬೇಡಿ ಮೇಷ್ಟ್ರೇ" ಅಂದರು. ಆಯ್ತು ಅಂದೆ. ಇಬ್ಬರೂ ಅರ್ಧ ಗಂಟೆ ಶುಂಠಿ ರೇಟಿನ ಬಗ್ಗೆ ಮಾತಾಡಿದೆವು.

ಡಾಕ್ಟರು ಇದಕ್ಕೆ ಪ್ಯಾನಿಕ್ ಅಟ್ಯಾಕ್ ಅನ್ನುತ್ತಾರೆ ಅಂತ ಹೇಳಿದರು. ಸ್ವಲ್ಪ ದಿನಕ್ಕೆ ಒಂದು ಮಾತ್ರೆ ಬರೆದರು, ಜೊತೆಗೆ ಮಾತಿನ ಚಿಕಿತ್ಸೆಯೂ ಬೇಕು ಅಂದರು. ಅಲ್ಲೇ ಮುಂದುವರಿಸಬಹುದಿತ್ತು. ಆದರೆ ವಾರ ವಾರ ಬರಬೇಕು, ಬೆಳಗಿನ ಹೊತ್ತು, ಶಾಲೆ ಬಿಟ್ಟು. ಎಸ್ಸೆಸ್ಸೆಲ್ಸಿ ಮಕ್ಕಳನ್ನು ಇಟ್ಟುಕೊಂಡು ಅದು ನನ್ನಿಂದ ಆಗುವ ಮಾತಾಗಿರಲಿಲ್ಲ. ರಜೆಯ ತಾಪತ್ರಯ ಇಲ್ಲದವರು ಅಲ್ಲೇ ತೋರಿಸಿಕೊಳ್ಳುವುದು ಒಳ್ಳೆಯದು.

ಹೊರಗೆ ಮೂರು ಜನಕ್ಕೆ ಫೋನ್ ಮಾಡಿದೆ. ಕೇಳುವುದನ್ನೆಲ್ಲ ಹಳೇ ಹಾಜರಿ ಪುಸ್ತಕದ ಹಿಂದೆ ಬರೆದುಕೊಂಡಿದ್ದೆ. ಏನು ಓದಿದ್ದೀರಿ, ನೋಂದಣಿ ನಂಬರ್ ಏನು, ಒಂದು ಸಲಕ್ಕೆ ಎಷ್ಟು ಹೊತ್ತು, ಎಷ್ಟು ಫೀಸು, ನಾನು ಹೇಳಿದ್ದು ಯಾರಿಗಾದರೂ ಗೊತ್ತಾಗುತ್ತಾ. ಒಬ್ಬರು "ನಂಬಿಕೆ ಇದ್ರೆ ಬನ್ನಿ" ಅಂದು ಫೋನಿಟ್ಟರು. ಇನ್ನೊಬ್ಬರು ಬೆಂಗಳೂರಿಂದ ತಿಂಗಳಿಗೊಮ್ಮೆ ಬರುವವರು. ಮೂರನೆಯವರು ಕ್ಲಿನಿಕಲ್ ಸೈಕಾಲಜಿಸ್ಟ್, ಹಾಸನದಲ್ಲೇ ಇರುವವರು. ಐದಕ್ಕೂ ಉತ್ತರ ಕೊಟ್ಟು, ನಂಬರ್ ವಾಟ್ಸಾಪ್ ಮಾಡಿದರು. ಪರಿಷತ್ತಿನ ವೆಬ್‌ಸೈಟಿನಲ್ಲಿ ಹಾಕಿ ನೋಡಿದೆ. ಹೆಸರು ಸರಿ ಇತ್ತು. ಕೊನೇ ಪ್ರಶ್ನೆಗೆ ಅವರು ಹೇಳಿದ್ದು ನನಗೆ ತುಂಬಾ ಹಿಡಿಸಿತು: ನಿಮ್ಮ ಜೀವಕ್ಕೋ ಬೇರೆಯವರ ಜೀವಕ್ಕೋ ಅಪಾಯ ಅನ್ನಿಸಿದರೆ, ಇಲ್ಲ ಕೋರ್ಟು ಕೇಳಿದರೆ ಹೇಳಬೇಕಾಗುತ್ತೆ, ಉಳಿದಂತೆ ನಿಮ್ಮ ಹೆಂಡತಿ ಬಂದು ಕೇಳಿದರೂ ಹೇಳಲ್ಲ. 'ಯಾರಿಗೂ ಹೇಳಲ್ಲ' ಅಂತ ಸುಮ್ನೆ ಹೇಳಿಬಿಡಬಹುದಿತ್ತು.

ಒಂದು ಸಲಕ್ಕೆ 50 ನಿಮಿಷ, 800 ರೂಪಾಯಿ, ರಸೀದಿ ಉಂಟು. ಮೊದಲ ದಿನ ಒಂದು ಹಾಳೆ ತೆಗೆದು ವೃತ್ತ ಬರೆದರು. ಎದೆ ಹೊಡೆದುಕೊಳ್ಳುತ್ತೆ, ಹಾರ್ಟ್ ಅಟ್ಯಾಕ್ ಅಂದ್ಕೋತೀರಿ, ಹೆದರ್ತೀರಿ, ಹೆದರಿದ್ದಕ್ಕೆ ಇನ್ನೂ ಜೋರಾಗಿ ಹೊಡೆದುಕೊಳ್ಳುತ್ತೆ. ಬಾಣದ ಗುರುತುಗಳೆಲ್ಲ ಸುತ್ತಿ ಮತ್ತೆ ಶುರುವಾದ ಜಾಗಕ್ಕೇ ಬಂದವು. ಈ ಸುತ್ತನ್ನು ಎಲ್ಲಿ ಕತ್ತರಿಸ್ತೀರಿ ಮೇಷ್ಟ್ರೇ ಅಂತ ನನ್ನನ್ನೇ ಕೇಳಿದರು. ಹೋಮ್‌ವರ್ಕೂ ಕೊಟ್ಟರು: ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಬಿಟ್ಟು ನಡುವೆ ಕೂರಬೇಕು, ಎದೆ ಹೊಡೆದುಕೊಂಡರೆ ಇಳಿಯಬಾರದು, ಎದೆಬಡಿತ ಎಷ್ಟು ನಿಮಿಷಕ್ಕೆ ತಾನೇ ಇಳಿಯಿತು ಅಂತ ಬರೆಯಬೇಕು. ಮೊದಲ ವಾರ ಮಾಡಲಿಲ್ಲ. ನಮ್ಮ ಮಕ್ಕಳ ಹಾಗೆಯೇ ನೆಪ ಹೇಳಿದೆ, ಅವರು ನಕ್ಕರು. ಎರಡನೇ ವಾರ ಬರೆದದ್ದು 11 ನಿಮಿಷ. ಆಮೇಲೆ 7.

ಸ್ಟಾಫ್ ರೂಮಿನಲ್ಲಿ ಒಂದು ದಿನ ಬಾಯಿ ತಪ್ಪಿ ಕೌನ್ಸೆಲಿಂಗ್‌ಗೆ ಹೋಗಿದ್ದೆ ಅಂದೆ. "ಯಾವ ಊರು ಸಿಕ್ತು ಸಾರ್?" ಅಂದರು. ವರ್ಗಾವಣೆದಲ್ಲ, ಇನ್ನೊಂದು ಅಂದೆ. ಯಾರೂ ಏನೂ ಕೇಳಲಿಲ್ಲ. ಸಂಜೆ ಬಸ್‌ಸ್ಟಾಪಿನಲ್ಲಿ ಹಿಂದಿ ಮೇಡಂ, ಅವರ ತಮ್ಮನಿಗೆ ಅಂತ ನಂಬರ್ ಇಸಕೊಂಡರು.

ಈಗ ತಿಂಗಳಿಗೊಂದು ಸಲ ಸಾಕು ಅಂದಿದ್ದಾರೆ. ಮಾತ್ರೆಯನ್ನು ಡಾಕ್ಟರೇ ನಿಧಾನಕ್ಕೆ ಕಡಿಮೆ ಮಾಡುತ್ತಿದ್ದಾರೆ. ಮುಂದಿನದು ಶನಿವಾರ. ಬೆಳಗಿನ ಶಾಲೆ ಮುಗಿಸಿ ಹನ್ನೆರಡರ ಬಸ್ಸು ಹಿಡಿದರೆ ಸರಿಹೋಗುತ್ತದೆ.