ಕೂಲಂಟ್ ಕಮ್ಮಿ ಆಗಿದೆ ಅಂದ್ರೆ ಎಲ್ಲೋ ಹೋಗಿದೆ ಅಂತಾನೇ ಅರ್ಥ

ಹೋದ ತಿಂಗಳು ನನ್ನ ತಮ್ಮನ ಮಗಳು ಸೆಕೆಂಡ್ ಹ್ಯಾಂಡ್ ಕಾರ್ ತಗೊಂಡು ಮನೆ ಮುಂದೆ ತಂದು ನಿಲ್ಸಿದ್ಲು. ನಿಂಬೆಹಣ್ಣು ಹತ್ಸಿ ಪೂಜೆ ಎಲ್ಲ ಆದ್ಮೇಲೆ ನಾನು ಬಾನೆಟ್ ಎತ್ತು ಅಂದೆ, ನೋಡಿದ್ರೆ ಕೂಲಂಟ್, ಅಂದ್ರೆ ಇಂಜಿನ್ ತಣ್ಣಗಿಡೋ ದ್ರವ, ಅದರ ಡಬ್ಬದ ತಳದಲ್ಲಿ ಎರಡು ಬೆರಳು ಕಂದು ನೀರು. ಏನಮ್ಮಾ ಇದು ಅಂದ್ರೆ, "ದೊಡ್ಡಪ್ಪ, ಆಗಾಗ ಸ್ವಲ್ಪ ನೀರು ಹಾಕ್ಕೊಂಡು ಓಡ್ಸಿ ಸಾಕು ಅಂತ ಮಾರಿದೋರು ಹೇಳಿದ್ರು" ಅಂದ್ಲು. ಆ ಒಂದು ಮಾತು ಕೇಳಿ ನನಗೆ ಹೊಟ್ಟೆ ಉರೀತು, ಯಾಕಂದ್ರೆ ಅದೇ ಮಾತು ನಂಬಿಕೊಂಡು ನಾನು ಒಂದು ಇಂಜಿನ್ ಕಳ್ಕೊಂಡಿದ್ದೀನಿ.

ಆಗ ನಮ್ಮ ಹತ್ರ ಮಾರುತಿ 800 ಇತ್ತು. ಇರೋದು ತುಮಕೂರು ಕಡೆ, ಬೋರ್‌ವೆಲ್ ನೀರು. ವಾರಕ್ಕೊಂದು ಸಲ ರೇಡಿಯೇಟರ್ ಮುಚ್ಚಳ ತೆಗ್ದು ಒಂದು ಚೊಂಬು ನೀರು ಹುಯ್ಯೋದು, ಅಷ್ಟೇ ನಮ್ಮ ಮೇಂಟೆನೆನ್ಸ್. ಧರ್ಮಸ್ಥಳಕ್ಕೆ ಹೋಗಿ ವಾಪಸ್ ಬರ್ತಾ ಚಾರ್ಮಾಡಿ ಘಾಟಿ ಹತ್ತೋವಾಗ, ಏಪ್ರಿಲ್ ಬಿಸಿಲು, ಐದು ಜನ, ಮೇಲಿಂದ ಎಸಿ ಬೇರೆ, ಇಂಜಿನ್ ಬಿಸಿ ತೋರಿಸೋ ಮುಳ್ಳು ಏರ್ತಾ ಇರೋದನ್ನ ನಾನು ನೋಡ್ಲೇ ಇಲ್ಲ. ಹೊಗೆ ಬಂದ್ಮೇಲೆ ನಿಲ್ಸಿದ್ದು. ನನ್ನ ಭಾಮೈದ ಇಳಿದೋನೇ ಆತುರಕ್ಕೆ ಮುಚ್ಚಳ ತಿರುಗಿಸಿಬಿಟ್ಟ, ಕುದಿಯೋ ನೀರು ಮೊಣಕೈವರೆಗೂ ಹಾರಿತು, ಆ ಸುಟ್ಟ ಕಲೆ ಇವತ್ತಿಗೂ ಇದೆ. ಕಾರನ್ನ ಟೋಯಿಂಗ್ ಮಾಡಿಸಿ ಬಿಚ್ಚಿಸಿದ್ರೆ ಇಂಜಿನ್ನಿಗೂ ಅದರ ಮೇಲ್ಭಾಗದ ಹೆಡ್ಡಿಗೂ ಮಧ್ಯ ಸೋರದಂಗೆ ಕೂರಿಸೋ ಹೆಡ್ ಗ್ಯಾಸ್ಕೆಟ್ ಹೋಗಿತ್ತು, ಅಲ್ಯೂಮಿನಿಯಂ ಹೆಡ್ ಸೊಟ್ಟ ಆಗಿತ್ತು. ಮೆಕ್ಯಾನಿಕ್ಕು ರೇಡಿಯೇಟರ್ ಮೇಲಿನ ಟ್ಯಾಂಕ್ ತೆಗ್ದು ತೋರಿಸಿದ. ಬಚ್ಚಲಮನೆ ಹಂಡೆ ಒಳಗೆ ಬಿಳೀ ಹಕ್ಕಳೆ ಕಟ್ಟುತ್ತಲ್ಲ, ಥೇಟ್ ಅದೇ. ಸಣ್ಣ ಸಣ್ಣ ಕೊಳವೆ ಬಾಯಲ್ಲಿ ಅರ್ಧಕ್ಕರ್ಧ ಸುಣ್ಣ ತುಂಬಿಕೊಂಡು ಕೂತಿತ್ತು, ಉಗುರಲ್ಲಿ ಕೆರೆದ್ರೆ ಪುಡಿಪುಡಿ ಉದುರೋದು.

ಅದಕ್ಕೇ ಮೊದಲ ಮಾತು, ಬೋರ್ ನೀರು ಇಂಜಿನ್ನಿಗೆ ಹಾಕಲೇಬೇಡಿ. ಬ್ಯಾಟರಿಗೆ ಹಾಕೋ ಡಿಸ್ಟಿಲ್ಡ್ ವಾಟರ್ ಅಂಗಡೀಲಿ ಸಿಗುತ್ತೆ, ಬೆರೆಸೋದಿದ್ರೆ ಅದನ್ನೇ ಬೆರೆಸಿ. ಮತ್ತೆ ಬರೀ ನೀರು ಸಾಲಲ್ಲ. ನಮ್ಮಲ್ಲಿ ಹಿಮ ಬೀಳಲ್ಲ, ಕೂಲಂಟ್ ಯಾಕೆ ಅಂತ ಸುಮಾರು ಜನ ಕೇಳ್ತಾರೆ. ನೋಡಿ, ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ಅಲ್ಲಿ ತೆರೆದ ಪಾತ್ರೇಲಿ ನೀರು 97 ಡಿಗ್ರಿಗೇ ಕುದಿಯುತ್ತೆ. ಇಂಜಿನ್ ಒಳಗೆ ದಿನಾ ಓಡಾಡೋ ಬಿಸೀನೇ 90ರ ಮೇಲೆ. ಕೂಲಂಟಲ್ಲಿರೋ ಗ್ಲೈಕಾಲ್ ಕುದಿಯೋ ಮಟ್ಟ ಮೇಲಕ್ಕೆತ್ತುತ್ತೆ, ಮುಚ್ಚಳದ ಪ್ರೆಶರ್ ಇನ್ನೂ ಮೇಲಕ್ಕೆತ್ತುತ್ತೆ, ಎರಡೂ ಸೇರಿ 120 ಡಿಗ್ರಿ ದಾಟಿದ್ರೂ ಕುದಿಯದಂಗೆ ಹಿಡಿದಿಡುತ್ತೆ. ಅದರ ಜೊತೆಗೆ ತುಕ್ಕು ಹಿಡಿಯದಂಗೆ ನೋಡ್ಕೊಳ್ಳೋ ಮದ್ದು ಇರೋದೂ ಕೂಲಂಟಲ್ಲೇ, ಅದು ವರ್ಷ ಕಳೆದಂಗೆ ಸವೆದು ಹೋಗುತ್ತೆ, ಅದಕ್ಕೇ ಬಣ್ಣ ಚೆನ್ನಾಗಿದ್ರೂ ಅವಧಿ ಮುಗಿದ್ರೆ ಬದಲಾಯಿಸ್ಲೇಬೇಕು. ಹಳೇ ಕಾಲದ ಹಸಿರು ಕೂಲಂಟ್ ಆದ್ರೆ ಸಾಮಾನ್ಯವಾಗಿ ಎರಡು ವರ್ಷ, ಈಗಿನ ಲಾಂಗ್ ಲೈಫ್ ತರದ್ದು ಅದಕ್ಕಿಂತ ಜಾಸ್ತಿ ವರ್ಷ ಬರುತ್ತೆ, ನಿಮ್ಮ ಕಾರಿನ ಮ್ಯಾನ್ಯುಯಲ್‌ನಲ್ಲಿ ಬರೆದಿರುತ್ತೆ, ಅದೇ ವೇದವಾಕ್ಯ.

ಬಣ್ಣ ನೋಡಿ ತಗೋಬೇಡಿ. ಹಸಿರು, ಗುಲಾಬಿ, ನೀಲಿ ಅನ್ನೋದು ಕಂಪನಿಯೋರು ಹಾಕೋ ಡೈ ಅಷ್ಟೇ, ಒಂದೇ ಬಣ್ಣದ ಎರಡು ಕ್ಯಾನಲ್ಲಿ ಬೇರೆ ಬೇರೆ ಮಾಲು ಇರಬಹುದು. ಬೇರೆ ಬೇರೆ ಜಾತಿಯದ್ದು ಬೆರೆಸಿದ್ರೆ ಮದ್ದು ಕೆಡುತ್ತೆ, ಕೆಲವು ಸಲ ಗಂಜಿ ಥರ ಗಟ್ಟಿ ಆಗಿ ಕೊಳವೆ ಕಟ್ಟುತ್ತೆ. ಕ್ಯಾನ್ ಮೇಲೆ ಪ್ರೀಮಿಕ್ಸ್ ಅಂತಿದ್ರೆ ಸೀದಾ ಹುಯ್ಯಿ, ಕಾನ್ಸನ್ಟ್ರೇಟ್ ಅಂತಿದ್ರೆ ಅರ್ಧ ಅದು ಅರ್ಧ ಡಿಸ್ಟಿಲ್ಡ್ ನೀರು. ಗಟ್ಟಿ ಇದ್ದಷ್ಟೂ ಒಳ್ಳೇದು ಅಂತ ಬರೀ ಕಾನ್ಸನ್ಟ್ರೇಟ್ ಹುಯ್ಯೋರೂ ಇದ್ದಾರೆ, ಅದು ಬಿಸಿ ಹೊತ್ಕೊಂಡು ಹೋಗೋ ಶಕ್ತಿ ನೀರಿಗಿಂತ ಕಮ್ಮಿ, ಇಂಜಿನ್ ಇನ್ನೂ ಬಿಸಿ ಆಗುತ್ತೆ.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ಕೂಲಂಟು ಪೆಟ್ರೋಲ್ ಥರ ಖರ್ಚಾಗೋ ಮಾಲಲ್ಲ. ಒಳಗೆ ಸುತ್ತು ಹೊಡೀತಾ ಇರುತ್ತೆ ಅಷ್ಟೇ. ಬಿಸಿ ಆದಾಗ ಹಿಗ್ಗಿ ಡಬ್ಬಕ್ಕೆ ಬರುತ್ತೆ, ತಣ್ಣಗಾದ್ಮೇಲೆ ವಾಪಸ್ ಎಳ್ಕೊಳ್ಳುತ್ತೆ. ಆದ್ರಿಂದ ತಿಂಗಳು ತಿಂಗಳೂ ಟಾಪ್ ಅಪ್ ಮಾಡ್ತಾ ಇದ್ದೀರಿ ಅಂದ್ರೆ ಅದು ಎಲ್ಲೋ ಹೋಗ್ತಾ ಇದೆ, ಎಲ್ಲಿಗೆ ಅಂತ ಹುಡುಕಿ. ಭಾನುವಾರ ಬೆಳಿಗ್ಗೆ ಕಾಫಿ ಕುಡಿಯೋ ಮುಂಚೆ, ಇಂಜಿನ್ ತಣ್ಣಗಿರೋವಾಗ ಬಾನೆಟ್ ಎತ್ತಿ, ಡಬ್ಬದಲ್ಲಿ ಮಿನ್ ಮ್ಯಾಕ್ಸ್ ಗೆರೆ ಮಧ್ಯ ಇದೆಯಾ ನೋಡಿ, ಮಾರ್ಕರ್ ಪೆನ್ನಲ್ಲಿ ಒಂದು ಗೆರೆ ಎಳೆದಿಟ್ಕೊಳ್ಳಿ. ಕಮ್ಮಿ ಆಗಿದ್ರೆ ಮೊದಲು ಹೋಸ್ ಪೈಪ್ ಕ್ಲಿಪ್ಪುಗಳ ಹತ್ರ ನೋಡಿ, ಒಸರಿ ಒಣಗಿದ ಕಡೆ ಹಸಿರೋ ಬಿಳಿಯೋ ಉಪ್ಪು ಕಟ್ಟಿರುತ್ತೆ. ಪೈಪನ್ನ ಬೆರಳಲ್ಲಿ ಒತ್ತಿ, ಗಟ್ಟಿ ರಬ್ಬರ್ ಥರ ಪುಟಿದ್ರೆ ಸರಿ, ಕಳಿತ ಬಾಳೆಹಣ್ಣಿನ ಥರ ಮೆತ್ತಗಿದ್ರೆ, ಇಲ್ಲಾ ಕರಕರ ಅಂದ್ರೆ, ಬದಲಾಯಿಸಿ. ಮಲೆನಾಡು ಕಡೆಯೋರು, ತೋಟದ ಮನೆಯೋರು ಇಲಿ ಕಡಿದಿದೆಯಾ ಅಂತಾನೂ ನೋಡಿ. ವಾಟರ್ ಪಂಪು ಹೋಗ್ತಿದ್ರೆ ಬೆಲ್ಟ್ ಇರೋ ಪಕ್ಕದಲ್ಲಿ ತೊಟ್ಟಿಕ್ಕಿದ ಕಲೆ ಇರುತ್ತೆ. ಕಾರೊಳಗೆ ಸಿಹಿ ವಾಸನೆ ಬಂದು ಕಾಲಡಿ ಮ್ಯಾಟ್ ಒದ್ದೆ ಆಗಿ ಮುಟ್ಟಿದ್ರೆ ಅಂಟಂಟು ಅನಿಸಿದ್ರೆ ಹೀಟರ್ ಕಾಯಿಲ್ ಲೀಕು, ಎಸಿ ನೀರಾದ್ರೆ ಅಂಟಲ್ಲ. ಹೊರಗೆ ಎಲ್ಲೂ ಹನಿ ಇಲ್ಲ ಆದ್ರೂ ಕಮ್ಮಿ ಆಗ್ತಿದೆ, ಬಿಸಿ ಆದ್ಮೇಲೂ ಸೈಲೆನ್ಸರಲ್ಲಿ ಬಿಳೀ ಹೊಗೆ, ಆಯಿಲ್ ಮುಚ್ಚಳದಡಿ ಹಾಲು ಬೆರೆಸಿದ ಕಾಫಿ ಥರ ಜಿಡ್ಡು, ಇದಿದ್ರೆ ಗಾಡಿ ಓಡಿಸ್ದೇ ಮೆಕ್ಯಾನಿಕ್ಕನ್ನ ಮನೆಗೇ ಕರೆಸಿ, ಅದು ಹೆಡ್ ಗ್ಯಾಸ್ಕೆಟ್ ಇರಬಹುದು.

ಎಲ್ಲಾ ಸರಿ ಇದ್ದೂ ಕಮ್ಮಿ ಆದ್ರೆ ಮುಚ್ಚಳ ಅನುಮಾನ ಪಡಿ. ಮುಚ್ಚಳದ ಮೇಲೆ 0.9 ಇಲ್ಲಾ 1.1 ಅಂತ ಬರೆದಿರುತ್ತೆ, ಅದು ಎಷ್ಟು ಪ್ರೆಶರ್ ತಡೆಯುತ್ತೆ ಅನ್ನೋ ಲೆಕ್ಕ. ಒಳಗಿನ ರಬ್ಬರ್ ಒಣಗಿ ಬಿರುಕು ಬಿಟ್ರೆ ಪ್ರೆಶರ್ ನಿಲ್ಲಲ್ಲ, ಬೇಗ ಕುದಿಯುತ್ತೆ. ಸಾವಿರಾರು ರೂಪಾಯಿ ರೇಡಿಯೇಟರ್ ಬದಲಾಯಿಸೋ ಮುಂಚೆ ಈ ಸಣ್ಣ ಸಾಮಾನು ಬದಲಾಯಿಸಿ ನೋಡಿ, ಅದೇ ನಂಬರ್ದೇ ತಗೋಬೇಕು.

ನಮ್ಮ ಕಡೆ ಇನ್ನೊಂದು ತೊಂದರೆ ಇದೆ. ಸುಗ್ಗೀಲಿ ರಸ್ತೆ ಮೇಲೆ ರಾಗಿ ಹುರುಳಿ ಹರಡಿ ಒಕ್ಕಣೆ ಮಾಡ್ತಾರೆ, ಅದರ ಮೇಲೆ ಓಡಾಡಿದ ಕಾರಿನ ಮುಂದುಗಡೆ ರೇಡಿಯೇಟರ್ ಜಾಲರೀಲಿ ಹೊಟ್ಟು, ಹುಲ್ಲು, ಜೊತೆಗೆ ಹುಳ ಎಲ್ಲ ಮೆತ್ಕೊಂಡು ಗಾಳಿ ಆಡಲ್ಲ. ಸುಗ್ಗಿ ಮುಗಿದ್ಮೇಲೆ ಒಂದ್ಸಲ ಮೆಲ್ಲಗಿನ ನೀರಲ್ಲಿ, ಆದ್ರೆ ಹಿಂದಿಂದ ಮುಂದಕ್ಕೆ ತೊಳೆಸಿ. ಸರ್ವೀಸ್ ಸ್ಟೇಷನ್ನೋರು ಪ್ರೆಶರ್ ಗನ್ ಹತ್ರ ಇಟ್ಟು ಹೊಡೆದ್ರೆ ಆ ತೆಳು ರೆಕ್ಕೆಗಳು ಮಡಚಿಕೊಳ್ತವೆ, ಬೇಡ ಅನ್ನಿ. ರೇಡಿಯೇಟರ್ ಫ್ಯಾನ್ ನೋಡೋಕೆ ಇಂಜಿನ್ ಸ್ಟಾರ್ಟ್ ಮಾಡಿ ಎಸಿ ಹಾಕಿ, ಹೆಚ್ಚು ಕಾರಲ್ಲಿ ಸ್ವಲ್ಪ ಹೊತ್ತಿಗೆ ಫ್ಯಾನ್ ತಿರುಗ್ಬೇಕು. ಸೀರೆ ಸೆರಗು, ವೇಲು, ಪಂಚೆ ದೂರ ಇರ್ಲಿ, ಕೆಲವು ಕಾರಲ್ಲಿ ಆಫ್ ಮಾಡಿದ್ಮೇಲೂ ಅದು ತಾನಾಗೇ ತಿರುಗುತ್ತೆ.

ಇಂಜಿನ್ ಬಿಸಿ ಆಗೋವರೆಗೂ ಕೂಲಂಟನ್ನ ರೇಡಿಯೇಟರ್‌ಗೆ ಬಿಡದೆ ತಡೆಯೋ ವಾಲ್ವು ಥರ್ಮೋಸ್ಟ್ಯಾಟ್. ಬಿಸಿ ದೇಶ, ಥರ್ಮೋಸ್ಟ್ಯಾಟ್ ಯಾಕೆ, ಕಿತ್ತು ಬಿಸಾಕಿ ಅಂತ ಹೇಳೋ ಮೆಕ್ಯಾನಿಕ್ಕುಗಳು ಈಗ್ಲೂ ಇದ್ದಾರೆ. ಒಪ್ಕೋಬೇಡಿ. ಇಂಜಿನ್ ತಣ್ಣಗೇ ಓಡಿದ್ರೆ ಮೈಲೇಜ್ ಬೀಳುತ್ತೆ, ಸವೆತ ಜಾಸ್ತಿ. ಕೆಟ್ಟಿದ್ರೆ ಹೊಸದು ಹಾಕಿಸಿ.

ದಾರೀಲಿ ಮುಳ್ಳು ಏರಿದ್ರೆ ಎಸಿ ಆಫ್ ಮಾಡಿ, ಕಿಟಕಿ ಇಳಿಸಿ ಹೀಟರ್ ಫುಲ್ ಇಡಿ, ಸೆಖೆ ಆಗುತ್ತೆ ಆದ್ರೆ ಇಂಜಿನ್ ಬಿಸಿ ಸ್ವಲ್ಪ ಹೊರಗೆ ಹೋಗುತ್ತೆ, ಅಷ್ಟರಲ್ಲಿ ಪಕ್ಕಕ್ಕೆ ನಿಲ್ಲಿಸಿ. ಕೆಂಪು ಲೈಟು ಬಂದ್ರೆ, ಹಬೆ ಕಂಡ್ರೆ ತಕ್ಷಣ ಆಫ್. ಈಗಿನ ಎಷ್ಟೋ ಸಣ್ಣ ಕಾರಲ್ಲಿ ಮುಳ್ಳೇ ಇಲ್ಲ, ತಣ್ಣಗಿದ್ರೆ ನೀಲಿ ಲೈಟು, ಜಾಸ್ತಿ ಬಿಸಿ ಆದ್ರೆ ಕೆಂಪು ಲೈಟು, ಅಷ್ಟೇ. ಮುಳ್ಳು ಇರೋ ಕಾರಲ್ಲೂ ಒಂದು ಮೋಸ ಇದೆ, ಕೂಲಂಟ್ ಪೂರ್ತಿ ಖಾಲಿ ಆದ್ರೆ ಸೆನ್ಸರ್‌ಗೆ ನೀರೇ ತಾಗಲ್ಲ, ಮುಳ್ಳು ಇದ್ದಕ್ಕಿದ್ದಂಗೆ ಕೆಳಗೆ ಬೀಳುತ್ತೆ. ಸದ್ಯ ತಣ್ಣಗಾಯ್ತು ಅಂತ ಓಡಿಸಬೇಡಿ.

ಮುಚ್ಚಳದ ಹತ್ರ ಒಂದು ಗಂಟೆ ಯಾರೂ ಹೋಗ್ಬಾರ್ದು. ಎಷ್ಟೋ ಹೊಸ ಕಾರುಗಳಲ್ಲಿ ರೇಡಿಯೇಟರ್‌ಗೆ ಮುಚ್ಚಳ ಇರಲ್ಲ, ಪ್ಲಾಸ್ಟಿಕ್ ಡಬ್ಬದಲ್ಲೇ ಪ್ರೆಶರ್ ಇರುತ್ತೆ, ಅದೂ ಅಷ್ಟೇ ಅಪಾಯ. ಪೈಪ್ ಮುಟ್ಟಿದ್ರೆ ತಣ್ಣಗೆ ಅನಿಸಿದ್ಮೇಲೆ ದಪ್ಪ ಟವೆಲ್ ಹಾಕಿ ಕಾಲು ಸುತ್ತು ತಿರುಗಿಸಿ, ಬುಸ್ ಅನ್ನೋದು ಪೂರ್ತಿ ನಿಂತ ಮೇಲೆ ತೆಗೀರಿ. ಕಾದ ಇಂಜಿನ್ನಿಗೆ ತಣ್ಣೀರು ಹುಯ್ದ್ರೆ ಸೀಳು ಬಿಡಬಹುದು. ಬೇರೆ ದಾರಿ ಇಲ್ಲ ಅಂದ್ರೆ ತಣ್ಣಗಾದ್ಮೇಲೆ ಕುಡಿಯೋ ನೀರಿನ ಬಾಟ್ಲಿನೇ ಹುಯ್ದು ಹತ್ರದ ಗ್ಯಾರೇಜ್ ಸೇರಿ, ಆಮೇಲೆ ಫ್ಲಶ್ ಮಾಡಿಸಿ, ಅಂದ್ರೆ ಒಳಗಿರೋದೆಲ್ಲ ಬಸಿದು ತೊಳೆಸಿ.

ತೆಗೆದ ಹಳೇ ಕೂಲಂಟ್ ಚರಂಡಿಗೆ, ಅಂಗಳಕ್ಕೆ ಚೆಲ್ಲಬೇಡಿ. ಸಿಹಿ ಇರುತ್ತೆ, ನಾಯಿ ಬೆಕ್ಕು ನೆಕ್ಕುತ್ವೆ, ಸ್ವಲ್ಪ ಹೋದ್ರೂ ಕಿಡ್ನಿ ಕೆಟ್ಟು ಸಾಯ್ತವೆ. ಮಕ್ಕಳಿರೋ ಮನೇಲಿ ಜ್ಯೂಸ್ ಬಾಟಲೀಲಿ ತುಂಬಿಡೋ ಕೆಲಸ ಅಂತೂ ಖಂಡಿತ ಬೇಡ.

ತಮ್ಮನ ಮಗಳ ಕಾರಿಗೆ ಡಿಸ್ಟಿಲ್ಡ್ ನೀರಲ್ಲಿ ಮೂರು ಸಲ ಫ್ಲಶ್ ಮಾಡಿಸಿದ್ವಿ, ಮೊದಲ ಸಲ ಬೆಲ್ಲದ ನೀರಿನ ಬಣ್ಣ, ಮೂರನೇ ಸಲಕ್ಕೆ ತಿಳಿ ಆಯ್ತು. ಹೊಸ ಕೂಲಂಟ್ ತುಂಬಿ, ಹೀಟರ್ ಆನ್ ಇಟ್ಟು, ಫ್ಯಾನ್ ಎರಡು ಸಲ ಬಂದು ಹೋಗೋವರೆಗೂ ಇಂಜಿನ್ ಓಡಿಸಿ ಒಳಗಿನ ಗಾಳಿ ಹೊರಗೆ ಕಳಿಸಿದ್ವಿ. ಆದ್ರೂ ಹತ್ತು ದಿನಕ್ಕೆ ಗೆರೆಯಿಂದ ಒಂದು ಬೆರಳು ಇಳಿದಿತ್ತು. ಹುಡುಕಿದ್ರೆ ಕೆಳಗಿನ ಪೈಪಿನ ಕ್ಲಿಪ್ ಸಡಿಲ, ಅಲ್ಲೇ ಹಸಿರು ಉಪ್ಪು. ಕ್ಲಿಪ್ ಬದಲಾಯಿಸಿ ಮೂರನೇ ಭಾನುವಾರ ಇದು, ಬೆಳಿಗ್ಗೆ ಫೋಟೋ ಕಳಿಸಿದ್ದಾಳೆ, ಗೆರೆ ಹಾಕಿದ ಕಡೆನೇ ನಿಂತಿದೆ.