ಮಾಟುಂಗಾದ ಮನೆಯಲ್ಲಿ 208 ಸೆಕೆಂಡು

ನಾನು ಏರ್‌ಬಸ್ ಎ320 ಹಾರಿಸುತ್ತೇನೆ. 2009ರ ಜನವರಿ 15ರಂದು ನ್ಯೂಯಾರ್ಕಿನ ಲಾಗಾರ್ಡಿಯಾ ವಿಮಾನ ನಿಲ್ದಾಣದಿಂದ ಎದ್ದು, ಹಕ್ಕಿ ಬಡಿದು ಎರಡೂ ಎಂಜಿನ್ ಕೆಟ್ಟು, ಹಡ್ಸನ್ ನದಿಯ ಮೇಲೆ ಇಳಿದದ್ದೂ ಇದೇ ಜಾತಿಯ ವಿಮಾನ. ಅದಕ್ಕೇ ಆ ಘಟನೆಯ ಚರ್ಚೆ ನಮ್ಮಲ್ಲಿ ಇನ್ನೂ ಮುಗಿದಿಲ್ಲ. ನಾವು ಅಂದರೆ ಮುಂಬೈಯಲ್ಲಿರುವ ಮೂವರು ಕನ್ನಡದ ಪೈಲಟ್‌ಗಳು: ನಾನು, ಧಾರವಾಡದ ಗೆಳೆಯ, ಮತ್ತೆ ಮಂಗಳೂರು ಕಡೆಯ ಒಬ್ಬ ನಿವೃತ್ತ ಕ್ಯಾಪ್ಟನ್, ನಾವು ಸರ್ ಅನ್ನೋರು. ರಜೆ ಹೊಂದಿದ ದಿನ ಮಾಟುಂಗಾದಲ್ಲಿ ಅವರ ಮನೆಗೆ ಹೋಗುತ್ತೇವೆ.

ಜಗಳ ಯಾವಾಗಲೂ ಒಂದೇ ಕಡೆ ಶುರುವಾಗುತ್ತಿತ್ತು. "ತಕ್ಷಣ ತಿರುಗಿಸಿದ್ರ ಲಾಗಾರ್ಡಿಯಾ ರನ್‌ವೇ ಸಿಗ್ತಿತ್ತಲ್ರೀ ಸರ್," ಅಂತ ಗೆಳೆಯ. ಅವನ ಮಾತಿಗೆ ಆಧಾರ ಇದೆ. ತನಿಖೆಯ ಹೊತ್ತಿನಲ್ಲಿ ಸಿಮ್ಯುಲೇಟರ್‌ನಲ್ಲಿ ಹಕ್ಕಿ ಬಡಿದ ಕೂಡಲೇ ತಿರುಗಿಸಿದ ಕೆಲವು ಪೈಲಟ್‌ಗಳು ರನ್‌ವೇ ಮುಟ್ಟಿದ್ದರು. ಆದರೆ ಏನಾಯಿತು ಎಂದು ಅರ್ಥ ಮಾಡಿಕೊಳ್ಳಲು 35 ಸೆಕೆಂಡು ಸೇರಿಸಿ ನೋಡಿದಾಗ ವಿಮಾನ ತಲುಪಲಿಲ್ಲ. ನಾನು ಆ 35 ಸೆಕೆಂಡನ್ನೇ ಹಿಡಿದು ವಾದ ಮಾಡುತ್ತಿದ್ದೆ. ಸರ್ ಒಂದು ದಿನ ಹೇಳಿದರು, "ಬಾಯಿಮಾತು ಸಾಕು ಮಾರಾಯ. ಗಡಿಯಾರ ಇಟ್ಟು ಮಾಡಿ ನೋಡುವ."

ಊಟದ ಮೇಜಿನ ಮುಂದೆ ಎರಡು ಕುರ್ಚಿ ಹಾಕಿದೆವು. ನಾನು ಎಡಗಡೆ, ಕ್ಯಾಪ್ಟನ್. ಗೆಳೆಯ ಬಲಗಡೆ, ಕೈಯಲ್ಲಿ ಎರಡೂ ಎಂಜಿನ್ ಕೆಟ್ಟಾಗ ಓದುವ ಚೆಕ್‌ಲಿಸ್ಟ್. ಸರ್ ನಮ್ಮ ಬೆನ್ನ ಹಿಂದೆ ನಿಂತು, ನೆಲದಿಂದ ರೇಡಿಯೋದಲ್ಲಿ ಮಾತಾಡುವ ಕಂಟ್ರೋಲರ್ ಆದರು. ಹಡ್ಸನ್ ವಿಮಾನಕ್ಕೆ ಹಕ್ಕಿ ಬಡಿದದ್ದು ಸುಮಾರು 2,800 ಅಡಿಯಲ್ಲಿ. ನೀರು ಮುಟ್ಟುವ ತನಕ ಸಿಕ್ಕಿದ್ದು ಸುಮಾರು 208 ಸೆಕೆಂಡು. ಸ್ಟಾಪ್‌ವಾಚ್ ಒತ್ತಿದೆವು.

ಎಲ್ಲಾ ಗೊತ್ತಿದ್ದೂ ಮೊದಲ ಸಲ ನನಗೆ ಬಾಯಿ ಬರಲಿಲ್ಲ. ಯಾವುದನ್ನು ಮೊದಲು ಹೇಳಲಿ? ಅಷ್ಟರಲ್ಲಿ ಸರ್ ರನ್‌ವೇ ಹೆಸರು ಕೇಳುತ್ತಿದ್ದರು. ಅವರಿಗೆ ಉತ್ತರ ಕೊಟ್ಟರೆ ಗೆಳೆಯ ಓದಿದ್ದು ಕಿವಿಗೆ ಬೀಳುತ್ತಿರಲಿಲ್ಲ. ಅವನಿಗೆ ಉತ್ತರ ಕೊಟ್ಟರೆ ವೇಗ ಹೇಳಲು ಮರೆಯುತ್ತಿದ್ದೆ. 208ಕ್ಕೆ ಗಡಿಯಾರ ಕೂಗಿದಾಗ ನಾವು ಚೆಕ್‌ಲಿಸ್ಟಿನ ಮೊದಲ ಭಾಗವನ್ನೂ ಮುಗಿಸಿರಲಿಲ್ಲ. ಹಡ್ಸನ್ ವಿಮಾನದ ಕ್ಯಾಪ್ಟನ್ ಸಲ್ಲೆನ್‌ಬರ್ಗರ್ ಮತ್ತು ಫಸ್ಟ್ ಆಫೀಸರ್ ಸ್ಕೈಲ್ಸ್ ಅವರಿಗೂ ಮೂರು ಭಾಗದ ಆ ಪಟ್ಟಿಯಲ್ಲಿ ಮೊದಲ ಭಾಗದ ಬಹುಪಾಲು ಮಾತ್ರ ಆಗಿತ್ತು. ಅದನ್ನು ಬರೆದದ್ದೇ 20,000 ಅಡಿಗಿಂತ ಮೇಲೆ ಎಂಜಿನ್ ನಿಂತರೆ ಅಂತ. ಎಂಜಿನ್ ಮತ್ತೆ ಹೊತ್ತಿಸಲು 300 ನಾಟ್ ವೇಗ ಬೇಕು ಅನ್ನುತ್ತದೆ. ಅಷ್ಟು ಕೆಳಗೆ ಆ ವೇಗ ಎಲ್ಲಿಂದ ತರೋದು?

ಆಮೇಲೆ ನಾಲ್ಕು ಸಲ ಮಾಡಿದೆವು. ಎಪಿಯು ವಿಷಯ ನನಗೆ ನಿಜವಾಗಿ ಅರ್ಥವಾದದ್ದು ಆಗಲೇ. ವಿಮಾನದ ಬಾಲದಲ್ಲಿರುವ ಆ ಚಿಕ್ಕ ಎಂಜಿನ್ ಕರೆಂಟ್ ಕೊಡುತ್ತದೆ. ಅದನ್ನು ಚಾಲೂ ಮಾಡೋದು ಪಟ್ಟಿಯಲ್ಲಿ ಬಹಳ ಕೆಳಗಿತ್ತು. ಸಲ್ಲೆನ್‌ಬರ್ಗರ್ ಪಟ್ಟಿಗೆ ಕಾಯದೆ ಮೊದಲೇ ಚಾಲೂ ಮಾಡಿದರು. ಅದರಿಂದ ಎ320ಯ ಕಂಪ್ಯೂಟರ್ ರಕ್ಷಣೆಗಳು ಕೊನೆಯ ತನಕ ಉಳಿದವು. ಎರಡು ಸಲ ಮಾಡಿದ ಮೇಲೂ ನನಗೆ ಅದು ತಾನಾಗಿ ಹೊಳೆಯಲಿಲ್ಲ. ಗೆಳೆಯ ನೆನಪಿಸಬೇಕಾಯಿತು.

ಫ್ಲ್ಯಾಪ್, ಅಂದರೆ ಇಳಿಯುವಾಗ ರೆಕ್ಕೆಯಿಂದ ಕೆಳಗೆ ಚಾಚುವ ಹಲಗೆಗಳ ಬಗ್ಗೆ ನಮ್ಮಲ್ಲಿ ಒಮ್ಮತ ಬೇಗ ಬಂತು. ನೀರಿಗಿಳಿಯುವ ಪಟ್ಟಿ ಫ್ಲ್ಯಾಪ್ 3 ಅನ್ನುತ್ತದೆ. ಅವರು 2ಕ್ಕೇ ಬಿಟ್ಟರು. ಜಾಸ್ತಿ ಇಳಿಸಿದ್ದರೆ ಎಳೆತ ಹೆಚ್ಚಿ, ಕೊನೆಯಲ್ಲಿ ಮೂತಿ ಎತ್ತಲು ಬಲ ಉಳಿಯದೇ ಹೋಗಬಹುದಿತ್ತು. ವೇಗದ ಬಗ್ಗೆ ಮಾತ್ರ ಜಗಳ ಜೋರಾಯಿತು. ಕೊನೆಯಲ್ಲಿ ಅವರ ವೇಗ ಇರಬೇಕಾದ್ದಕ್ಕಿಂತ ಕಡಿಮೆಯಾಗಿತ್ತು. ವಿಮಾನ ಸೆಕೆಂಡಿಗೆ ಸುಮಾರು 12 ಅಡಿಯಂತೆ ನೀರಿಗೆ ಬಡಿಯಿತು. ಹಿಂಭಾಗ ಒಡೆದು ನೀರು ನುಗ್ಗಿತು. "155 ಜನರನ್ನೂ ಉಳಿಸಿದವರ ತಪ್ಪು ಹುಡುಕೋದಾ?" ಅಂದೆ. ಸರ್ ಒಪ್ಪಲಿಲ್ಲ. "ತಪ್ಪು ಅಂತ ಯಾರು ಹೇಳಿದ್ದು? ನಿನಗೂ ಹಾಗೇ ಆಗ್ತದೆ, ಅದನ್ನು ಈಗಲೇ ತಿಳ್ಕೊ." ಅವರು ಹೇಳಿದ್ದು ಸರಿ. ನನ್ನ ಐದು ಸರದಿಯಲ್ಲಿ ಮೂರರಲ್ಲಿ ನಾನು ವೇಗ ಹೇಳೋದನ್ನೇ ಬಿಟ್ಟಿದ್ದೆ.

ಸರ್ ಅವರ ಹೆಂಡತಿ ಮೊದಲು ಕ್ಯಾಬಿನ್ ಸಿಬ್ಬಂದಿಯಾಗಿದ್ದವರು. ನಾವು ಅವರನ್ನು ಅಕ್ಕ ಅಂತೀವಿ. ಅಷ್ಟು ಹೊತ್ತು ಸುಮ್ನೆ ಕೇಳುತ್ತಿದ್ದವರು ನೀರ್‌ದೋಸೆ ತಟ್ಟೆ ಇಡುತ್ತಾ ಹೇಳಿದರು, "ಐದು ಸಲ ಮಾಡಿದ್ರಿ. ಐದೂ ಸಲ ನೀರು ಮುಟ್ಟಿದ ಕೂಡ್ಲೆ ನಿಲ್ಲಿಸಿದ್ರಿ. ನಮ್ಮ ಕೆಲಸ ಶುರುವಾಗುವುದೇ ಅಲ್ಲಿ."

ಆಮೇಲೆ 1996ರ ಮಾತು ತೆಗೆದರು. ಅಪಹರಣವಾಗಿ, ಇಂಧನ ಮುಗಿದು, ಕೊಮೊರೊಸ್ ದ್ವೀಪದ ಹತ್ತಿರ ಕಡಲಿಗಿಳಿದ ಇಥಿಯೋಪಿಯನ್ ಏರ್‌ಲೈನ್ಸ್ ವಿಮಾನ. 175 ಜನರಲ್ಲಿ 125 ಜನ ಸತ್ತರು. ಒಳಗೇ ಲೈಫ್ ಜಾಕೆಟ್ ಊದಿಕೊಂಡವರು ನೀರು ತುಂಬಿದಾಗ ಚಾವಣಿಗೆ ಒತ್ತಿಕೊಂಡು ಹೊರಗೆ ಬರಲಾಗದೆ ಮುಳುಗಿದರು. ಹಡ್ಸನ್‌ನಲ್ಲಿ ಕ್ಯಾಪ್ಟನ್ ಕೊಟ್ಟ ಎಚ್ಚರಿಕೆಯಲ್ಲಿ 'ನೀರು' ಅನ್ನೋ ಮಾತೇ ಇರಲಿಲ್ಲ. ಹಿಂದೆ ಕೂತಿದ್ದ ಸಿಬ್ಬಂದಿಗೆ ಕೆಳಗೆ ನದಿ ಇದೆ ಅಂತ ಗೊತ್ತಿರಲಿಲ್ಲ. "ಆ ಒಂದು ಶಬ್ದ ಹೇಳಿಬಿಡಿ," ಅಂದರು ಅಕ್ಕ. ಆರನೇ ಸಲ ಗಡಿಯಾರ ಹಚ್ಚಿ ಹೇಳಿ ನೋಡಿದೆ. ಒಂದು ಸೆಕೆಂಡೂ ಬೇಡ.

ಇಷ್ಟು ವರ್ಷ ಹಾರಿಸಿಯೂ ಅದು ನನಗೆ ಹೊಳೆದಿರಲಿಲ್ಲ. ಈಗ ಮುಂಬೈಯ ರನ್‌ವೇ 27ರಿಂದ ಹೊರಡುವ ಮೊದಲು ಫಸ್ಟ್ ಆಫೀಸರ್ ಜೊತೆ ಎರಡು ಮಾತು ಜಾಸ್ತಿ ಆಡುತ್ತೇನೆ. ಎದ್ದು ಒಂದು ನಿಮಿಷಕ್ಕೆಲ್ಲ ಕೆಳಗೆ ಜುಹು ಕಡಲು. ಎರಡೂ ಎಂಜಿನ್ ಹೋದರೆ ವಿಮಾನ ನಾನು ಹಿಡಿಯುತ್ತೇನೆ. ಎಪಿಯು ನಾನೇ ಒತ್ತುತ್ತೇನೆ. ನೀವು ವೇಗ ಕೂಗುತ್ತಿರಿ. ಒಳಗೆ ಹೇಳುವ ಎಚ್ಚರಿಕೆಯಲ್ಲಿ ನೀರು ಅನ್ನೋ ಮಾತು ನಾನು ಮರೆತರೆ ನೀವು ಹೇಳಿ.

ಮಳೆಗಾಲದಲ್ಲಿ ಇದನ್ನು ಹೇಳುವಾಗ ಎದೆ ಸ್ವಲ್ಪ ಭಾರವಾಗುತ್ತದೆ. ಹಡ್ಸನ್ ಅವತ್ತು ಸಪಾಟಾಗಿತ್ತು. ನಾಲ್ಕೇ ನಿಮಿಷದಲ್ಲಿ ಮೊದಲ ಫೆರ‍್ರಿ ದೋಣಿ ಬಂತು. ಇಲ್ಲಿ ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಅಲೆ ಎತ್ತರ, ಕಡಲು ಖಾಲಿ. ಅಲೆಯ ಸಾಲಿಗೆ ಸಮಾನಾಂತರವಾಗಿ ಇಳಿಸಬೇಕು ಅಂತ ಪುಸ್ತಕ ಹೇಳುತ್ತದೆ. ಇಳಿದ ಮೇಲೆ ಯಾರು ಬರುತ್ತಾರೆ ಅನ್ನೋದನ್ನು ನಾನೇ ಯೋಚಿಸಬೇಕು.

ನಮ್ಮ ನೂಲ ಹುಣ್ಣಿಮೆ ಇಲ್ಲಿನ ಮೀನುಗಾರರಿಗೆ ನಾರಳಿ ಪೌರ್ಣಿಮೆ. ಕಡಲಿಗೆ ತೆಂಗಿನಕಾಯಿ ಅರ್ಪಿಸಿ ಪೂಜೆ ಮಾಡುತ್ತಾರೆ. ಅದರ ಮರುವಾರ ಬೆಳಿಗ್ಗೆ 27ರಿಂದ ಎದ್ದೆ. ವೆರ್ಸೋವಾ ಕಡೆ ನೀರಿನ ಮೇಲೆ ದೋಣಿಗಳು ಕಂಡವು. 10,000 ಅಡಿ ದಾಟುವ ತನಕ ನಾವಿಬ್ಬರೂ ಕೆಲಸದ ಮಾತು ಬಿಟ್ಟು ಬೇರೆ ಆಡುವಂತಿಲ್ಲ. ದಾಟಿದ ಮೇಲೆ ಪಕ್ಕದ ಹುಡುಗನೇ ಹೇಳಿದ, "ಹನ್ನೊಂದು ಎಣಿಸಿದೆ ಸರ್."